ಲಕ್ಷ ಕೋಟಿಯ ನಿಧಿ ಬಂತು, ವಿಶ್ವವಿದ್ಯಾಲಯದ ಲ್ಯಾಬಿಗೆ ಎಷ್ಟು?

ಸಂಶೋಧನೆಗೆ 1 ಲಕ್ಷ ಕೋಟಿ ರೂಪಾಯಿ. 2025ರ ಜುಲೈ 1ರಂದು ಕೇಂದ್ರ ಸಚಿವ ಸಂಪುಟ ಆರ್‌ಡಿಐ (ಸಂಶೋಧನೆ, ಅಭಿವೃದ್ಧಿ ಮತ್ತು ನಾವೀನ್ಯ) ಯೋಜನೆಗೆ ಒಪ್ಪಿಗೆ ಕೊಟ್ಟಿತು. ನವೆಂಬರ್ 3ರಂದು ಪ್ರಧಾನಿ ಚಾಲನೆ ಕೊಟ್ಟರು. ಸುದ್ದಿ ಓದಿದ ಹಲವರು ಅಂದುಕೊಂಡದ್ದು ಒಂದೇ: ಇನ್ನು ವಿಶ್ವವಿದ್ಯಾಲಯಗಳ ಲ್ಯಾಬಿಗೆ ದುಡ್ಡಿನ ಹೊಳೆ ಹರಿಯುತ್ತದೆ, ಕಂಪನಿಯವರೂ ಪ್ರಾಧ್ಯಾಪಕರೂ ಜೊತೆಗೆ ಕೂತು ಹೊಸದೇನಾದರೂ ಕಂಡುಹಿಡಿಯುತ್ತಾರೆ. ಆದರೆ ಇತ್ತ ಪಿಎಚ್‌ಡಿ ವಿದ್ಯಾರ್ಥಿಗಳು ಫೆಲೋಶಿಪ್ ಹಣ ತಡವಾಗುತ್ತಿದೆ ಎಂದು ದೂರುವುದೂ ನಿಂತಿಲ್ಲ. ಲಕ್ಷ ಕೋಟಿ ಇದ್ದರೆ ಫೆಲೋಶಿಪ್‌ಗೆ ಯಾಕೆ ತಡ?

ಎರಡೂ ಒಟ್ಟಿಗೆ ನಿಜವಾಗಿರಬಹುದು. ಯಾಕೆಂದರೆ ಈ ಲಕ್ಷ ಕೋಟಿ ವಿಶ್ವವಿದ್ಯಾಲಯಗಳಿಗೆ ಕೊಡುವ ಅನುದಾನವೇ ಅಲ್ಲ. ಮುಖ್ಯವಾಗಿ ಅದು ಕಂಪನಿಗಳಿಗೆ ಸಿಗುವ ಸಾಲ. ಲ್ಯಾಬಿನಲ್ಲಿ ಹುಟ್ಟಿದ ಯೋಚನೆ ಆ ಸಾಲ ಕೇಳುವ ಹಂತಕ್ಕೆ ಬರಲು ನಡುವೆ ಒಂದಷ್ಟು ದೂರ ಸಾಗಬೇಕು. ಅಷ್ಟು ದೂರವನ್ನು ಕಂಪನಿ ಮತ್ತು ವಿಶ್ವವಿದ್ಯಾಲಯ ಬೇರೆ ಹಣದಲ್ಲಿ, ಬೇರೆ ರೀತಿಯ ಒಪ್ಪಂದದಲ್ಲಿ ಕ್ರಮಿಸಬೇಕು. ನಮ್ಮಲ್ಲಿ ತೊಡಕು ಇರುವುದು ಅಲ್ಲಿ.

ಎರಡು ನಿಧಿ, ಒಂದೇ ಸಂಸ್ಥೆ

ಗೊಂದಲಕ್ಕೆ ಒಂದು ಕಾರಣ ಹೆಸರುಗಳು. ಸಂಸತ್ತು 2023ರಲ್ಲಿ ಕಾಯ್ದೆ ಮಾಡಿ ಅನುಸಂಧಾನ್ ರಾಷ್ಟ್ರೀಯ ಸಂಶೋಧನಾ ಪ್ರತಿಷ್ಠಾನಕ್ಕೆ ಜನ್ಮ ಕೊಟ್ಟಿತು. ಚಿಕ್ಕದಾಗಿ ಎಎನ್‌ಆರ್‌ಎಫ್. ಅಲ್ಲಿಯ ತನಕ ಪ್ರಾಧ್ಯಾಪಕರಿಗೆ ಸಂಶೋಧನಾ ಅನುದಾನ ಕೊಡುತ್ತಿದ್ದ ಎಸ್‌ಇಆರ್‌ಬಿ ಅದರೊಳಗೆ ಸೇರಿಹೋಯಿತು. 2023ರಿಂದ 2028ರವರೆಗಿನ ಐದು ವರ್ಷಕ್ಕೆ 50,000 ಕೋಟಿ ರೂಪಾಯಿಯ ಅಂದಾಜು. ಅದರಲ್ಲಿ ಸರ್ಕಾರದ ಪಾಲು 14,000 ಕೋಟಿ ಮಾತ್ರ. ಉಳಿದ 36,000 ಕೋಟಿ ಉದ್ಯಮ, ಸಾರ್ವಜನಿಕ ವಲಯದ ಕಂಪನಿಗಳು, ದಾನಿಗಳು ಮುಂತಾದ ಕಡೆಯಿಂದ ಬರಬೇಕು ಎಂಬುದು ಲೆಕ್ಕ. ಪ್ರಾಧ್ಯಾಪಕರಿಗೆ ಅನುದಾನ ಸಿಗುವುದು ಈ ನಿಧಿಯಿಂದ.

ಆರ್‌ಡಿಐ ಬೇರೆ. ಸರ್ಕಾರ ಎಎನ್‌ಆರ್‌ಎಫ್‌ಗೆ 50 ವರ್ಷದ, ಬಡ್ಡಿಯಿಲ್ಲದ ಸಾಲವಾಗಿ ಹಣ ಕೊಡುತ್ತದೆ. 2025-26ರ ಬಜೆಟ್‌ನಲ್ಲಿ ಇದಕ್ಕೆ ಎತ್ತಿಟ್ಟದ್ದು 20,000 ಕೋಟಿ. ಎಎನ್‌ಆರ್‌ಎಫ್ ಅದನ್ನು ತಾನೇ ಹಂಚುವುದಿಲ್ಲ, ಎರಡನೇ ಹಂತದ ನಿಧಿ ನಿರ್ವಾಹಕರ ಕೈಗೆ ಕೊಡುತ್ತದೆ. ಅವರು ಕಂಪನಿಗಳನ್ನು ಆರಿಸಿ ಕಡಿಮೆ ಬಡ್ಡಿಯ ಅಥವಾ ಬಡ್ಡಿಯೇ ಇಲ್ಲದ ದೀರ್ಘಾವಧಿ ಸಾಲ ಕೊಡುತ್ತಾರೆ. ಸ್ಟಾರ್ಟಪ್ ಆದರೆ ಷೇರು ಬಂಡವಾಳವಾಗಿಯೂ ಕೊಡಬಹುದು. ಕೊಟ್ಟದ್ದು ವಾಪಸ್ ಬರಬೇಕು ಎಂಬ ಲೆಕ್ಕಾಚಾರ ಇದರ ಬುಡದಲ್ಲೇ ಇದೆ.

ಒಂದೇ ಸಂಸ್ಥೆಯ ಹೆಸರಿನಲ್ಲಿ ಎರಡು ದೊಡ್ಡ ಅಂಕಿ ಕೇಳಿಬಂದಾಗ ಓದುಗರು ಕೂಡಿಸಿಬಿಡುತ್ತಾರೆ. ಕೂಡಿಸುವ ಹಾಗಿಲ್ಲ. ಒಂದು ಹೆಚ್ಚಾಗಿ ಪ್ರಾಧ್ಯಾಪಕರಿಗೆ, ಇನ್ನೊಂದು ಹೆಚ್ಚಾಗಿ ಕಂಪನಿಗಳಿಗೆ. ಒಂದು ಅನುದಾನ, ಇನ್ನೊಂದು ಬಂಡವಾಳ.

ಒಂಬತ್ತು ಮೆಟ್ಟಿಲು

ಆರ್‌ಡಿಐ ಹಣ ಎಲ್ಲಿಂದ ಶುರುವಾಗುತ್ತದೆ ಎಂದು ತಿಳಿಯಲು ಒಂದು ಅಳತೆಗೋಲು ಗೊತ್ತಿರಬೇಕು. ತಂತ್ರಜ್ಞಾನ ಎಷ್ಟು ಪಕ್ವವಾಗಿದೆ ಎಂದು 1ರಿಂದ 9ರವರೆಗೆ ಅಳೆಯುವ ಕ್ರಮ ಇದು. ಬಾಹ್ಯಾಕಾಶ ಸಂಸ್ಥೆ ನಾಸಾದಲ್ಲಿ ಹುಟ್ಟಿತು. ಈಗ ಎಲ್ಲ ಕಡೆ ಟಿಆರ್‌ಎಲ್ ಎಂದೇ ಕರೆಯುತ್ತಾರೆ. 1 ಅಂದರೆ ಮೂಲ ತತ್ವ ಗೊತ್ತಾಗಿದೆ ಅಷ್ಟೇ. 3 ಅಂದರೆ ಯೋಚನೆ ಕೆಲಸ ಮಾಡುತ್ತದೆ ಎಂದು ಪ್ರಯೋಗದಲ್ಲಿ ಕಂಡಿದೆ. 4ರಲ್ಲಿ ಬಿಡಿಭಾಗಗಳನ್ನು ಜೋಡಿಸಿ ಲ್ಯಾಬಿನಲ್ಲಿ ನಡೆಸಿ ನೋಡಿರುತ್ತಾರೆ. 9 ಅಂದರೆ ನಿಜವಾದ ಜಾಗದಲ್ಲಿ ನಿಜವಾಗಿ ದುಡಿಯುತ್ತಿದೆ.

ವಿಶ್ವವಿದ್ಯಾಲಯದ ಕೆಲಸ ಹೆಚ್ಚಾಗಿ 1ರಿಂದ 3ರಲ್ಲಿ ನಡೆಯುತ್ತದೆ. ಪಿಎಚ್‌ಡಿ ಪ್ರಬಂಧಕ್ಕೂ ಪತ್ರಿಕೆಯಲ್ಲಿ ಲೇಖನ ಬರುವುದಕ್ಕೂ ಅಷ್ಟು ಸಾಕು. ಆರ್‌ಡಿಐ ನೋಡುವುದು 4ರಿಂದ ಮೇಲಿನ ಯೋಜನೆಗಳನ್ನು.

ಇದರಿಂದ ಏನಾಗುತ್ತದೆ? ಸಾಲ ಕೇಳುವ ಕಂಪನಿಯ ಕೈಯಲ್ಲಿ ಆಗಲೇ ನಾಲ್ಕನೇ ಮೆಟ್ಟಿಲಿನ ವಸ್ತು ಇರಬೇಕು. ಅದನ್ನು ಸ್ವಂತ ಲ್ಯಾಬಿನಲ್ಲಿ ಮಾಡಿರಬೇಕು, ಇಲ್ಲವೇ ಹೊರದೇಶದಿಂದ ಕೊಂಡಿರಬೇಕು, ಇಲ್ಲವೇ ಯಾವುದಾದರೂ ವಿಶ್ವವಿದ್ಯಾಲಯದ ಜೊತೆ ಸೇರಿ ಬೆಳೆಸಿರಬೇಕು. ಗಟ್ಟಿಯಾದ ಸ್ವಂತ ಲ್ಯಾಬ್ ಇರುವ ಕಂಪನಿಗಳು ನಮ್ಮಲ್ಲಿ ಕಡಿಮೆ. ಎಲ್ಲವನ್ನೂ ಕೊಂಡೇ ತರುವುದಾದರೆ ಈ ನಿಧಿಯ ಮುಖ್ಯ ಉದ್ದೇಶಕ್ಕೆ ಅರ್ಥವಿಲ್ಲ. ಉಳಿಯುವುದು ಮೂರನೆಯದು. ಅಂದರೆ ಲಕ್ಷ ಕೋಟಿ ಚೆನ್ನಾಗಿ ಬಳಕೆಯಾಗಬೇಕಾದರೆ, ಆ ಲಕ್ಷ ಕೋಟಿಯ ಲೆಕ್ಕದಲ್ಲೇ ಬಾರದ ಕೆಲಸ ಮೊದಲು ಆಗಿರಬೇಕು.

ಕಂಪನಿಗಳ ಕೈ ಯಾಕೆ ಬಿಗಿ

2020-21ರ ಸರ್ಕಾರಿ ಅಂಕಿ ಪ್ರಕಾರ ಭಾರತ ಸಂಶೋಧನೆಗೆ ಖರ್ಚು ಮಾಡಿದ್ದು ಜಿಡಿಪಿಯ ಶೇ 0.64. ದಕ್ಷಿಣ ಕೊರಿಯಾ, ಇಸ್ರೇಲ್‌ನಲ್ಲಿ ಇದು ಶೇ 4ಕ್ಕಿಂತ ಜಾಸ್ತಿ. ಆ ಖರ್ಚಿನಲ್ಲಿ ನಮ್ಮ ಖಾಸಗಿ ಉದ್ಯಮದ ಪಾಲು ಸುಮಾರು ಶೇ 36. ಮುಂದುವರಿದ ದೇಶಗಳಲ್ಲಿ ಅರ್ಧಕ್ಕಿಂತ ಎಷ್ಟೋ ಹೆಚ್ಚು ಉದ್ಯಮದಿಂದಲೇ ಬರುತ್ತದೆ. ಇನ್ನೊಂದು ಅಂಕಿಯನ್ನು ಯಾರೂ ಅಷ್ಟಾಗಿ ಗಮನಿಸುವುದಿಲ್ಲ. ಉನ್ನತ ಶಿಕ್ಷಣ ಸಂಸ್ಥೆಗಳ ಪಾಲು ಶೇ 9ಕ್ಕೂ ಕಡಿಮೆ. ಸರ್ಕಾರದ ಹಣದ ದೊಡ್ಡ ಭಾಗ ರಕ್ಷಣೆ, ಬಾಹ್ಯಾಕಾಶ, ಅಣುಶಕ್ತಿ, ಕೃಷಿಯಂಥ ಇಲಾಖೆಗಳ ಸ್ವಂತ ಪ್ರಯೋಗಾಲಯಗಳಿಗೆ ಹೋಗುತ್ತದೆ.

ಸ್ವಾತಂತ್ರ್ಯದ ನಂತರ ಸಂಶೋಧನೆಗೆ ಪ್ರತ್ಯೇಕ ರಾಷ್ಟ್ರೀಯ ಪ್ರಯೋಗಾಲಯಗಳು, ಪಾಠಕ್ಕೆ ವಿಶ್ವವಿದ್ಯಾಲಯಗಳು ಎಂದು ಹಂಚಿಕೆ ಆಯಿತು. ಪಾಠ ಮಾಡುವವರ ಹತ್ತಿರ ಲ್ಯಾಬ್ ಇಲ್ಲ, ಲ್ಯಾಬ್ ಇರುವವರ ಹತ್ತಿರ ವಿದ್ಯಾರ್ಥಿಗಳಿಲ್ಲ. ಕಂಪನಿಗೆ ಬೇಕಾದದ್ದು ಎರಡೂ ಒಂದೇ ಕಡೆ. ಅದು ಸಿಗುವ ಜಾಗಗಳು ಬೆರಳೆಣಿಕೆಯಷ್ಟು: ಐಐಎಸ್‌ಸಿ, ಐಐಟಿಗಳು, ಇನ್ನು ಕೆಲವು. ಹಾಗಾಗಿ ಎಲ್ಲರೂ ಅಲ್ಲೇ ಸಾಲುಗಟ್ಟುತ್ತಾರೆ.

ತೆರಿಗೆ ನೀತಿಯೂ ಇದರಲ್ಲಿ ಪಾತ್ರ ವಹಿಸಿದೆ. ಹಿಂದೆ ಕಂಪನಿ ತನ್ನ ಮಾನ್ಯತೆ ಪಡೆದ ಲ್ಯಾಬಿಗೆ 100 ರೂಪಾಯಿ ಖರ್ಚು ಮಾಡಿದರೆ, ತೆರಿಗೆ ಲೆಕ್ಕದಲ್ಲಿ 200 ರೂಪಾಯಿ ಕಳೆಯಬಹುದಿತ್ತು. 2017ರ ಏಪ್ರಿಲ್‌ನಿಂದ ಅದು 150ಕ್ಕೆ ಇಳಿಯಿತು. 2020ರ ಏಪ್ರಿಲ್‌ನಿಂದ ಬರೀ 100. ವಿಶ್ವವಿದ್ಯಾಲಯದ ಸಂಶೋಧನೆಗೆ ಕೊಡುವ ದೇಣಿಗೆಯ ಮೇಲಿನ ಹೆಚ್ಚುವರಿ ವಿನಾಯಿತಿಯೂ ಹೀಗೇ ಹೋಯಿತು. 2019ರಲ್ಲಿ ಬಂದ ಶೇ 22ರ ಕಡಿಮೆ ತೆರಿಗೆ ದರವನ್ನು ಆರಿಸಿಕೊಂಡ ಕಂಪನಿಗಳಿಗೆ ಇಂಥ ವಿನಾಯಿತಿಗಳೇ ಇಲ್ಲ.

ಸರ್ಕಾರದ ವಾದ ಸರಳ: ವಿನಾಯಿತಿಗಳ ಕಾಡು ಬೇಡ, ಎಲ್ಲರಿಗೂ ಕಡಿಮೆ ದರ ಇರಲಿ. ಅದರಲ್ಲಿ ಹುರುಳಿದೆ. ವಿನಾಯಿತಿಗಾಗಿ ಸಂಶೋಧನೆಯ ಹೆಸರಿನಲ್ಲಿ ಬೇರೆ ಖರ್ಚು ತೋರಿಸುವುದು ಹೊಸದೇನಲ್ಲ. ಆದರೆ ಮೂರು ವರ್ಷದಲ್ಲಿ ಎರಡು ಸಲ ಇಳಿಸಿದ ಮೇಲೆ ಕಂಪನಿಯ ಹಣಕಾಸು ಮುಖ್ಯಸ್ಥರ ಕಣ್ಣಿಗೆ ಸಂಶೋಧನೆ ಇತರ ಖರ್ಚಿನ ಹಾಗೇ ಕಾಣತೊಡಗುತ್ತದೆ. ಫಲ ಬರುವುದು ಐದಾರು ವರ್ಷಕ್ಕೆ, ಬರುತ್ತದೆ ಎಂಬ ಖಾತ್ರಿಯೂ ಇಲ್ಲ. ಪರವಾನಗಿ ಪಡೆದು ಹೊರಗಿನ ತಂತ್ರಜ್ಞಾನ ತಂದರೆ ಮುಂದಿನ ವರ್ಷವೇ ಮಾರಬಹುದು. ಮಂಡಳಿ ಸಭೆಯಲ್ಲಿ ಯಾವುದು ಗೆಲ್ಲುತ್ತದೆ ಎಂದು ಊಹಿಸುವುದು ಕಷ್ಟವಲ್ಲ.

ಎರಡೂ ಕಡೆಯ ದೂರು

ಕಂಪನಿಯವರ ಮಾತು ಕೇಳಿ: ಪ್ರಾಧ್ಯಾಪಕರಿಗೆ ಪೇಪರ್ ಬರೆಯುವ ಚಿಂತೆ, ಪ್ರಾಡಕ್ಟ್ ಮಾಡುವ ಚಿಂತೆ ಇಲ್ಲ. ಒಂದು ಒಪ್ಪಂದಕ್ಕೆ ಸಹಿ ಬೀಳಲು ತಿಂಗಳುಗಟ್ಟಲೆ ಕಾಯಬೇಕು. ಡೀನ್ ಬದಲಾದರೆ ಮತ್ತೆ ಮೊದಲಿಂದ. ಆರು ತಿಂಗಳಲ್ಲಿ ಬೇಕಾದ ಉತ್ತರ ಮೂರು ವರ್ಷಕ್ಕೆ ಬರುತ್ತದೆ, ಅಷ್ಟರಲ್ಲಿ ಮಾರುಕಟ್ಟೆಯೇ ಬೇರೆ ಆಗಿರುತ್ತದೆ.

ವಿಶ್ವವಿದ್ಯಾಲಯದವರದು ಇನ್ನೊಂದು ಕಥೆ: ಕಂಪನಿಗಳು ಸಂಶೋಧನೆಗೆ ಬರುವುದೇ ಅಪರೂಪ. ಬರುವುದು ಟೆಸ್ಟಿಂಗ್‌ಗೆ, ಇಲ್ಲ ಕ್ಯಾಂಪಸ್ ನೇಮಕಾತಿಗೆ. ಪುಡಿಗಾಸು ಕೊಟ್ಟು ಪೇಟೆಂಟ್ ಪೂರ್ತಿ ತಮ್ಮದಾಗಬೇಕು ಅನ್ನುತ್ತಾರೆ. ನಿಜವಾದ ಸಮಸ್ಯೆ ಏನೆಂದು ಹೇಳುವುದೂ ಇಲ್ಲ, ಗುಟ್ಟು ಬಯಲಾಗುತ್ತದೆ ಎಂಬ ಭಯ. ಅರ್ಧ ವಿಷಯ ಮುಚ್ಚಿಟ್ಟು ಪೂರ್ತಿ ಉತ್ತರ ಕೇಳುತ್ತಾರೆ.

ಎರಡೂ ನಿಜವೇ. ಇದು ಯಾರದೋ ದುರುದ್ದೇಶದಿಂದ ಆಗುವುದಲ್ಲ. ಪ್ರಾಧ್ಯಾಪಕರ ಬಡ್ತಿ ನಿಂತಿರುವುದು ಪ್ರಕಟಣೆಯ ಮೇಲೆ. ಪಿಎಚ್‌ಡಿ ವಿದ್ಯಾರ್ಥಿಯ ಗಡಿಯಾರ ನಾಲ್ಕೈದು ವರ್ಷದ್ದು. ಕಂಪನಿಯ ಮ್ಯಾನೇಜರ್ ಮೂರು ತಿಂಗಳಿಗೊಮ್ಮೆ ಲೆಕ್ಕ ಒಪ್ಪಿಸಬೇಕು. ಹೀಗೆ ಬೇರೆ ಬೇರೆ ಗಡಿಯಾರ ನೋಡಿಕೊಂಡು ಕೆಲಸ ಮಾಡುವವರನ್ನು ಒಂದು ಎಂಒಯು (ತಿಳಿವಳಿಕೆ ಒಪ್ಪಂದ) ಹಾಳೆ ಒಂದು ಮಾಡಲಾರದು. ಎಂಒಯುಗಳ ವಿಷಯ ಬಂತಲ್ಲ, ಹೇಳಿಬಿಡಬೇಕು: ವೇದಿಕೆ ಮೇಲೆ ಫೈಲ್ ಬದಲಾಯಿಸಿಕೊಂಡು ಫೋಟೊ ತೆಗೆಸಿಕೊಂಡ ಅದೆಷ್ಟೋ ಎಂಒಯುಗಳಲ್ಲಿ ಹಣದ ಮೊತ್ತವಿಲ್ಲ, ಕೆಲಸದ ಪಟ್ಟಿಯಿಲ್ಲ, ಹೊಣೆ ಹೊತ್ತ ವ್ಯಕ್ತಿಯ ಹೆಸರಿಲ್ಲ. ಸುಮ್ನೆ ವಿಶ್ವವಿದ್ಯಾಲಯದ ಮಾನ್ಯತೆಯ ಅಂಕ ಹೆಚ್ಚಿಸಲು ಬರುತ್ತವೆ.

ಯಾವ ಕೆಲಸಕ್ಕೆ ಯಾವ ದಾರಿ

ಜೊತೆಗೂಡುವುದು ಅಂದರೆ ಒಂದೇ ಬಗೆಯದಲ್ಲ. ತಪ್ಪು ದಾರಿ ಆರಿಸಿಕೊಂಡು ಆಮೇಲೆ ಜಗಳವಾಡುವುದೇ ಹೆಚ್ಚು.

ಪ್ರಶ್ನೆ ಸ್ಪಷ್ಟವಾಗಿದ್ದು ಉತ್ತರ ಬೇಗ ಬೇಕಿದ್ದರೆ ಕನ್ಸಲ್ಟೆನ್ಸಿ ಸಾಕು. ಈ ಲೋಹ ಯಾಕೆ ಬಿರುಕು ಬಿಡುತ್ತಿದೆ, ಈ ರಾಸಾಯನಿಕ ಕ್ರಿಯೆಯಲ್ಲಿ ಇಳುವರಿ ಯಾಕೆ ಕಡಿಮೆ ಎಂಬಂಥವು. ಪ್ರಾಧ್ಯಾಪಕರು ತಮಗೆ ಆಗಲೇ ಗೊತ್ತಿರುವುದನ್ನು ಬಳಸಿ ಉತ್ತರ ಹೇಳುತ್ತಾರೆ. ಹೊಸ ಜ್ಞಾನ ಹುಟ್ಟುವುದು ಅಪರೂಪ. ಆದ್ದರಿಂದ ಹಕ್ಕು ಕಂಪನಿಗೇ ಹೋದರೂ ಯಾರೂ ತಕರಾರು ತೆಗೆಯುವುದಿಲ್ಲ.

ಉತ್ತರ ಯಾರಿಗೂ ಗೊತ್ತಿಲ್ಲದಿದ್ದರೆ ಪ್ರಾಯೋಜಿತ ಸಂಶೋಧನೆ. ಎರಡು ಮೂರು ವರ್ಷ, ವಿದ್ಯಾರ್ಥಿಗಳು, ಉಪಕರಣ, ಸಂಸ್ಥೆಯ ಮೇಲ್ವೆಚ್ಚ ಎಲ್ಲ ಸೇರಿದ ಬಜೆಟ್. ಇಲ್ಲಿ ಕಂಪನಿ ಕೊಳ್ಳುವುದು ಪ್ರಯತ್ನವನ್ನು, ಫಲಿತಾಂಶವನ್ನಲ್ಲ. ಹಲವು ಕಂಪನಿಗಳಿಗೆ ಇದು ಅರ್ಥವಾಗುವುದೇ ಕಷ್ಟ. ಖರೀದಿ ವಿಭಾಗದವರು ಬಿಡಿಭಾಗ ತರಿಸುವ ಆರ್ಡರ್ ನಮೂನೆಯಲ್ಲೇ ಸಂಶೋಧನಾ ಒಪ್ಪಂದ ಬರೆದು, ತಡವಾದರೆ ದಂಡ ಎಂದು ಸೇರಿಸಿಬಿಡುತ್ತಾರೆ. ಸಂಶೋಧನೆಗೆ ದಂಡ ಹಾಕಿದರೆ ಪ್ರಾಧ್ಯಾಪಕರು ಗೊತ್ತಿರುವ ಉತ್ತರವನ್ನೇ ಸಂಶೋಧನೆ ಎಂದು ಕೊಡುತ್ತಾರೆ.

ಕಡಿಮೆ ಖರ್ಚಿನಲ್ಲಿ ಹೆಚ್ಚು ಲಾಭ ಕೊಡುವುದು ಪಿಎಚ್‌ಡಿ ಫೆಲೋಶಿಪ್. ಸರ್ಕಾರ ಉದ್ಯಮಗಳ ಒಕ್ಕೂಟ ಸಿಐಐ ಜೊತೆ ಸೇರಿ ನಡೆಸಿದ ಪ್ರಧಾನಮಂತ್ರಿ ಡಾಕ್ಟರಲ್ ಫೆಲೋಶಿಪ್‌ನಲ್ಲಿ ಅರ್ಧ ಹಣ ಸರ್ಕಾರದ್ದು, ಅರ್ಧ ಕಂಪನಿಯದು. ವಿದ್ಯಾರ್ಥಿಗೆ ಇಬ್ಬರು ಮಾರ್ಗದರ್ಶಕರು, ಒಬ್ಬರು ವಿಶ್ವವಿದ್ಯಾಲಯದಿಂದ, ಒಬ್ಬರು ಕಂಪನಿಯಿಂದ. ಇಬ್ಬರೂ ತಿಂಗಳಿಗೊಮ್ಮೆಯಾದರೂ ಆ ವಿದ್ಯಾರ್ಥಿಯ ಕಾರಣಕ್ಕೆ ಮಾತಾಡಲೇಬೇಕು. ಎಂಒಯು ಮಾಡದ ಕೆಲಸವನ್ನು ಒಬ್ಬ ವಿದ್ಯಾರ್ಥಿ ಮಾಡಿಬಿಡುತ್ತಾನೆ. ಪ್ರಬಂಧ ಮುಗಿದ ಮೇಲೆ ಅವನನ್ನೇ ಕೆಲಸಕ್ಕೆ ತೆಗೆದುಕೊಂಡರೆ ಬರವಣಿಗೆಗೆ ಸಿಗದ ಜ್ಞಾನವೂ ಕಂಪನಿಗೆ ಬರುತ್ತದೆ.

ಸಮಸ್ಯೆ ಇಡೀ ಉದ್ಯಮದ್ದಾದರೆ ಕೂಟ. ಅಮೆರಿಕದ ಚಿಪ್ ಕಂಪನಿಗಳು 1982ರಲ್ಲಿ ಸೆಮಿಕಂಡಕ್ಟರ್ ರಿಸರ್ಚ್ ಕಾರ್ಪೊರೇಷನ್ ಕಟ್ಟಿದ್ದು ಹೀಗೆ. ಮಾರುಕಟ್ಟೆಯಲ್ಲಿ ಪೈಪೋಟಿ ನಡೆಸುವವರೇ ಹಣ ಕೂಡಿಸಿ ವಿಶ್ವವಿದ್ಯಾಲಯಗಳಿಗೆ ಕೊಟ್ಟರು, ಫಲಿತಾಂಶ ಹಂಚಿಕೊಂಡರು. ಒಂಟಿಯಾಗಿ ಲ್ಯಾಬ್ ಸಾಕಲಾಗದ ಸಣ್ಣ ಉದ್ಯಮಗಳಿಗೆ ಈ ದಾರಿಯೇ ಸರಿಹೊಂದುವುದು. ನಮ್ಮಲ್ಲಿ ಒಂದೇ ವಸ್ತು ಮಾಡುವ ನೂರಾರು ಘಟಕಗಳು ಒಂದೇ ಕೈಗಾರಿಕಾ ಪ್ರದೇಶದಲ್ಲಿದ್ದರೂ ಇಂಥದ್ದು ಅಪರೂಪ. ಪಕ್ಕದವನಿಗೆ ಲಾಭವಾದರೆ ಎಂಬ ಅನುಮಾನ ಒಂದು ಕಡೆ, ಕರೆದು ಕೂರಿಸುವವರು ಇಲ್ಲದಿರುವುದು ಇನ್ನೊಂದು ಕಡೆ.

ದೊಡ್ಡ ಕಂಪನಿಗಳು ಕ್ಯಾಂಪಸ್‌ನಲ್ಲೇ ಕೇಂದ್ರ ತೆರೆಯುವುದೂ ಇದೆ. ಐಐಎಸ್‌ಸಿಯಲ್ಲಿ 2011ರಿಂದ ಇರುವ ರಾಬರ್ಟ್ ಬಾಷ್ ಕೇಂದ್ರ ಒಂದು ಉದಾಹರಣೆ.

ಒಪ್ಪಂದದ ಎರಡು ಸಾಲು

ಇಷ್ಟೆಲ್ಲ ದಾರಿಗಳಿದ್ದರೂ ಜಗಳ ಬರುವುದು ಎರಡೇ ಸಾಲುಗಳ ಮೇಲೆ: ಹಕ್ಕು ಯಾರದು, ಪ್ರಕಟಿಸಬಹುದೇ.

ಹಕ್ಕಿನ ವಿಷಯದಲ್ಲಿ ಪದಗಳು ಎಷ್ಟು ಮುಖ್ಯ ಎಂದು ತೋರಿಸಿದ್ದು ಅಮೆರಿಕದ ಒಂದು ಮೊಕದ್ದಮೆ. ಸ್ಟ್ಯಾನ್‌ಫೋರ್ಡ್‌ನ ಸಂಶೋಧಕರೊಬ್ಬರು ತಮ್ಮ ಆವಿಷ್ಕಾರದ ಹಕ್ಕನ್ನು ವಿಶ್ವವಿದ್ಯಾಲಯಕ್ಕೆ ಮುಂದೆ ಬಿಟ್ಟುಕೊಡಲು ಒಪ್ಪುತ್ತೇನೆ ಎಂದು ಸಹಿ ಹಾಕಿದ್ದರು. ಆಮೇಲೆ ಒಂದು ತಂತ್ರ ಕಲಿಯಲು ಸೀಟಸ್ ಎಂಬ ಕಂಪನಿಗೆ ಹೋದಾಗ ಅಲ್ಲಿನ ಹಾಳೆಗೂ ಸಹಿ ಹಾಕಿದರು. ಅದರಲ್ಲಿ ಈ ಮೂಲಕ ಬಿಟ್ಟುಕೊಟ್ಟಿದ್ದೇನೆ ಎಂದಿತ್ತು. ಎಚ್‌ಐವಿ ಪರೀಕ್ಷೆಗೆ ಸಂಬಂಧಿಸಿದ ಆ ವ್ಯವಹಾರ ನಂತರ ರೋಶ್ ಕಂಪನಿಯ ಪಾಲಾಯಿತು. 2011ರಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಬಂದಾಗ ಸ್ಟ್ಯಾನ್‌ಫೋರ್ಡ್ ಸೋತಿತು. ಸರ್ಕಾರದ ಹಣದಲ್ಲಿ ಆದ ಆವಿಷ್ಕಾರದ ಹಕ್ಕು ತಾನಾಗಿಯೇ ವಿಶ್ವವಿದ್ಯಾಲಯಕ್ಕೆ ಬರುವುದಿಲ್ಲ ಎಂದಿತು ಕೋರ್ಟ್.

ಅಮೆರಿಕದಲ್ಲಿ ಆ ಕಾಲಕ್ಕೆ ಬೇ-ಡೋಲ್ ಎಂಬ ಕಾಯ್ದೆಯಾದರೂ ಇತ್ತು. ಸರ್ಕಾರಿ ಹಣದ ಸಂಶೋಧನೆಯ ಪೇಟೆಂಟನ್ನು ವಿಶ್ವವಿದ್ಯಾಲಯ ಇಟ್ಟುಕೊಳ್ಳಬಹುದು ಎಂದು 1980ರಲ್ಲಿ ಮಾಡಿದ ಕಾಯ್ದೆ ಅದು. ಭಾರತದಲ್ಲಿ ಅದೇ ಬಗೆಯ ಮಸೂದೆ 2008ರಲ್ಲಿ ರಾಜ್ಯಸಭೆಗೆ ಬಂತು. ಸಾರ್ವಜನಿಕ ಹಣದ ಫಲ ಖಾಸಗಿಯವರ ಕೈ ಸೇರುತ್ತದೆ, ಔಷಧಿ ದುಬಾರಿಯಾಗುತ್ತದೆ ಎಂಬ ವಿರೋಧ ಎದ್ದಿತು. 2014ರಲ್ಲಿ ಸರ್ಕಾರ ಅದನ್ನು ಹಿಂದೆ ತೆಗೆದುಕೊಂಡಿತು. ಈಗ ನಡೆಯುತ್ತಿರುವುದು ಹಣ ಕೊಟ್ಟ ಇಲಾಖೆಯ ನಿಯಮ ಮತ್ತು ಆಯಾ ಸಂಸ್ಥೆಯ ಸ್ವಂತ ನೀತಿಯ ಮೇಲೆ. ಸಂಸ್ಥೆಯಿಂದ ಸಂಸ್ಥೆಗೆ ಅದು ಬೇರೆ. ಹಲವು ರಾಜ್ಯ ವಿಶ್ವವಿದ್ಯಾಲಯಗಳಲ್ಲಿ ಇದನ್ನು ನೋಡಿಕೊಳ್ಳಲೆಂದೇ ನೇಮಕವಾದ, ಅನುಭವ ಇರುವ ಸಿಬ್ಬಂದಿಯೇ ಇಲ್ಲ. ಸಹಿ ತಡವಾಗುವುದಕ್ಕೆ ಇದು ದೊಡ್ಡ ಕಾರಣ: ಯಾರಿಗೂ ಹೂಂ ಅನ್ನುವ ಧೈರ್ಯವಿಲ್ಲ.

ಪೇಟೆಂಟ್ ಯಾರ ಹೆಸರಲ್ಲಿರಬೇಕು ಎಂದು ಹಗ್ಗಜಗ್ಗಾಟ ನಡೆಸುವ ಬದಲು, ಬಳಸುವ ಹಕ್ಕು ಯಾರಿಗೆ ಎಂದು ಮಾತಾಡಿದರೆ ಅರ್ಧ ಜಗಳ ಮುಗಿಯುತ್ತದೆ. ಒಡೆತನ ವಿಶ್ವವಿದ್ಯಾಲಯದ್ದು, ಕಂಪನಿಗೆ ತನ್ನ ಕ್ಷೇತ್ರದಲ್ಲಿ ಪೂರ್ತಿ ಪರವಾನಗಿ, ಇಷ್ಟು ವರ್ಷದಲ್ಲಿ ಬಳಸದಿದ್ದರೆ ಪರವಾನಗಿ ವಾಪಸ್. ಜೀನ್‌ಗಳನ್ನು ಕತ್ತರಿಸಿ ಜೋಡಿಸುವ ಕೋಹೆನ್-ಬೋಯರ್ ಪೇಟೆಂಟ್‌ಗಳನ್ನು ಸ್ಟ್ಯಾನ್‌ಫೋರ್ಡ್ ಯಾವ ಒಂದು ಕಂಪನಿಗೂ ಕಟ್ಟಿಕೊಡಲಿಲ್ಲ. ಸಣ್ಣ ಶುಲ್ಕಕ್ಕೆ ನೂರಾರು ಕಂಪನಿಗಳಿಗೆ ಪರವಾನಗಿ ಕೊಟ್ಟಿತು. 1997ರಲ್ಲಿ ಅವಧಿ ಮುಗಿಯುವಷ್ಟರಲ್ಲಿ ಬಂದದ್ದು ಸುಮಾರು 25 ಕೋಟಿ ಡಾಲರ್. ಎಲ್ಲರಿಗೂ ಹೀಗೆ ಲಾಟರಿ ಹೊಡೆಯುವುದಿಲ್ಲ. ಅಮೆರಿಕದಲ್ಲೂ ಬಹುತೇಕ ವಿಶ್ವವಿದ್ಯಾಲಯಗಳಿಗೆ ಪರವಾನಗಿಯಿಂದ ಬರುವ ಆದಾಯ ಅಲ್ಪ. ಪೇಟೆಂಟ್‌ನಿಂದ ಶ್ರೀಮಂತರಾಗುತ್ತೇವೆ ಎಂದು ಮೊದಲ ದಿನವೇ ಬಿಗಿಯಾಗಿ ಕೂರುವ ವಿಶ್ವವಿದ್ಯಾಲಯ ಹೆಚ್ಚಾಗಿ ಒಪ್ಪಂದವನ್ನೇ ಕಳೆದುಕೊಳ್ಳುತ್ತದೆ.

ಎರಡನೆಯ ಸಾಲು ಇನ್ನೂ ಅಪಾಯದ್ದು. 1980ರ ದಶಕದ ಕೊನೆಯಲ್ಲಿ ಥೈರಾಯ್ಡ್ ಔಷಧಿ ಮಾಡುವ ಕಂಪನಿಯೊಂದು ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸ್ಯಾನ್ ಫ್ರಾನ್ಸಿಸ್ಕೊ ಕ್ಯಾಂಪಸ್ಸಿಗೆ ಹಣ ಕೊಟ್ಟು ಅಧ್ಯಯನ ಮಾಡಿಸಿತು. ತನ್ನ ಸಿಂಥ್ರಾಯ್ಡ್ ಮಾತ್ರೆಯೇ ಮೇಲು ಎಂದು ಬರುತ್ತದೆ ಎಂಬ ನಿರೀಕ್ಷೆ. ಬಂದ ಉತ್ತರ ಬೇರೆ: ಅಗ್ಗದ ಮಾತ್ರೆಗಳೂ ಅಷ್ಟೇ ಚೆನ್ನಾಗಿ ಕೆಲಸ ಮಾಡುತ್ತವೆ. ಕಂಪನಿಯ ಲಿಖಿತ ಒಪ್ಪಿಗೆ ಇಲ್ಲದೆ ಪ್ರಕಟಿಸುವ ಹಾಗಿಲ್ಲ ಎಂಬ ಸಾಲು ಒಪ್ಪಂದದಲ್ಲಿತ್ತು. 1995ರಲ್ಲಿ ಅಚ್ಚಿಗೆ ಹೋಗಬೇಕಿದ್ದ ಲೇಖನವನ್ನು ಕೊನೆ ಗಳಿಗೆಯಲ್ಲಿ ಹಿಂದೆಗೆದುಕೊಳ್ಳಬೇಕಾಯಿತು. ಹೊರಬಂದದ್ದು 1997ರಲ್ಲಿ. ಅಲ್ಲಿಯ ತನಕ ರೋಗಿಗಳು ದುಬಾರಿ ಮಾತ್ರೆಯನ್ನೇ ಕೊಂಡರು.

ಈಗ ಹೆಚ್ಚಿನ ಒಳ್ಳೆಯ ಒಪ್ಪಂದಗಳಲ್ಲಿ ಕಂಪನಿಗೆ ತಡೆಯುವ ಹಕ್ಕಿರುವುದಿಲ್ಲ, ತಡಮಾಡುವ ಹಕ್ಕಿರುತ್ತದೆ. ಕರಡು ಓದಲು ಒಂದೆರಡು ತಿಂಗಳು, ಅಷ್ಟರಲ್ಲಿ ಪೇಟೆಂಟ್ ಅರ್ಜಿ. ಭಾರತದ ಕಾನೂನಿನಲ್ಲೂ ಇದಕ್ಕೆ ಅನುಕೂಲವಿದೆ. ಮೊದಲು ಪ್ರಾಥಮಿಕ ಅರ್ಜಿ ಹಾಕಿ ದಿನಾಂಕ ಹಿಡಿದುಕೊಳ್ಳಬಹುದು, ಪೂರ್ತಿ ವಿವರ ಕೊಡಲು 12 ತಿಂಗಳ ಕಾಲಾವಕಾಶ. ಕ್ರಮ ತಪ್ಪಿದರೆ ಮಾತ್ರ ಕಷ್ಟ: ಮೊದಲು ಲೇಖನ ಪ್ರಕಟವಾದರೆ ಹೊಸತನ ಹೋಯಿತು, ಆಮೇಲೆ ಪೇಟೆಂಟ್ ಸಿಗುವುದು ದುಸ್ತರ. ಅರ್ಜಿ ಶುಲ್ಕವೂ ಈಗ ಹೊರೆಯಲ್ಲ. 2021ರಿಂದ ಶಿಕ್ಷಣ ಸಂಸ್ಥೆಗಳಿಗೆ ಶೇ 80 ರಿಯಾಯಿತಿ ಇದೆ.

ಜಿಎಸ್‌ಟಿ, ಸಿಎಸ್‌ಆರ್ ಮತ್ತು ಒಂದು ಎಚ್ಚರಿಕೆ

2024ರಲ್ಲಿ ಐಐಟಿ ದೆಹಲಿಯೂ ಸೇರಿ ಕೆಲವು ಸಂಸ್ಥೆಗಳಿಗೆ ಸಂಶೋಧನಾ ಅನುದಾನದ ಮೇಲೆ ಶೇ 18ರ ಜಿಎಸ್‌ಟಿ ಕಟ್ಟಿ ಎಂಬ ನೋಟಿಸ್ ಹೋಗಿ ಗದ್ದಲವಾಯಿತು. ಆ ಸೆಪ್ಟೆಂಬರ್‌ನಲ್ಲಿ ಜಿಎಸ್‌ಟಿ ಮಂಡಳಿ ಸಭೆ ಸೇರಿ, ಸರ್ಕಾರಿ ಇಲ್ಲವೇ ಖಾಸಗಿ ಅನುದಾನದಿಂದ ನಡೆಯುವ ಮಾನ್ಯತೆ ಪಡೆದ ಸಂಸ್ಥೆಗಳ ಸಂಶೋಧನೆಗೆ ವಿನಾಯಿತಿ ಕೊಟ್ಟಿತು. ಈ ವಿನಾಯಿತಿ ಅನುದಾನಕ್ಕೆ. ಶುಲ್ಕ ಪಡೆದು ಮಾಡುವ ಕನ್ಸಲ್ಟೆನ್ಸಿಯನ್ನು ಅನುದಾನ ಎಂದು ಕರೆದರೆ ಮುಂದೆ ತಲೆನೋವು.

ಸಿಎಸ್‌ಆರ್ ಹಣವನ್ನು, ಅಂದರೆ ಕಂಪನಿಗಳು ಸಾಮಾಜಿಕ ಹೊಣೆಗೆಂದು ಎತ್ತಿಡುವ ಹಣವನ್ನು, ಸರ್ಕಾರಿ ವಿಶ್ವವಿದ್ಯಾಲಯಗಳ ಸಂಶೋಧನೆಗೆ ಕೊಡಬಹುದು ಎಂದು 2019ರಲ್ಲಿ ನಿಯಮ ಬದಲಾಯಿತು. ಆದರೆ ಅದು ಸಮಾಜಕ್ಕೆ ಕೊಡುವ ಹಣ. ತನ್ನ ಉತ್ಪನ್ನವನ್ನು ಅದರಲ್ಲಿ ಮಾಡಿಸಿಕೊಳ್ಳುವ ಹಾಗಿಲ್ಲ. ಲ್ಯಾಬ್ ಕಟ್ಟಡ, ಉಪಕರಣ, ಫೆಲೋಶಿಪ್‌ಗೆ ಇದು ಒಳ್ಳೆಯ ಮೂಲ, ಜಂಟಿ ಸಂಶೋಧನೆಗೆ ಅಲ್ಲ.

ಗೆದ್ದವು ಗೆದ್ದದ್ದು ಹೇಗೆ

ಮಕ್ಕಳಿಗೆ ಕೊಡುವ ರೋಟಾವೈರಸ್ ಲಸಿಕೆ ರೋಟಾವ್ಯಾಕ್ ಎಲ್ಲರಿಗೂ ಗೊತ್ತು. ಅದರ ಮೂಲ ಇರುವುದು 1980ರ ದಶಕದ ಮಧ್ಯದಲ್ಲಿ, ದೆಹಲಿಯ ಏಮ್ಸ್‌ನಲ್ಲಿ. ಅಲ್ಲಿನ ನವಜಾತ ಶಿಶುಗಳಲ್ಲಿ ರೋಗಲಕ್ಷಣ ತೋರಿಸದ ಒಂದು ವೈರಸ್ ತಳಿ ಸಿಕ್ಕಿತು. ಎಂ.ಕೆ. ಭಾನ್ ಅವರ ತಂಡ ಅದರ ಬೆನ್ನು ಹತ್ತಿತು. ಆಮೇಲೆ ಜೈವಿಕ ತಂತ್ರಜ್ಞಾನ ಇಲಾಖೆ, ಅಮೆರಿಕದ ಸಂಸ್ಥೆಗಳು, ಗೇಟ್ಸ್ ಫೌಂಡೇಷನ್, ಪಾತ್ ಎಂಬ ಆರೋಗ್ಯ ಸಂಸ್ಥೆ, ತಯಾರಿಕೆಗೆ ಭಾರತ್ ಬಯೋಟೆಕ್. ಸುಮಾರು 6,800 ಶಿಶುಗಳ ಮೇಲೆ ನಡೆದ ಮೂರನೇ ಹಂತದ ಪ್ರಯೋಗದ ಫಲಿತಾಂಶ ಬಂದದ್ದು 2013ರಲ್ಲಿ. ಸರ್ಕಾರದ ಲಸಿಕೆ ಕಾರ್ಯಕ್ರಮಕ್ಕೆ ಸೇರಿದ್ದು 2016ರಲ್ಲಿ. ಒಂದು ಡೋಸ್‌ಗೆ 1 ಡಾಲರ್ ಎಂದು ಕಂಪನಿ ಮೊದಲೇ ಮಾತು ಕೊಟ್ಟಿತ್ತು. ಬೆಲೆಯನ್ನು ಕೊನೆಗೆ ಚೌಕಾಸಿ ಮಾಡಲಿಲ್ಲ, ಒಡಂಬಡಿಕೆಯ ಒಳಗೇ ಇಟ್ಟರು. ಸಾರ್ವಜನಿಕ ಹಣದ ಫಲ ಖಾಸಗಿಗೆ ಹೋಗುತ್ತದೆ ಎಂಬ ಆಕ್ಷೇಪಕ್ಕೆ ಇದಕ್ಕಿಂತ ಒಳ್ಳೆಯ ಉತ್ತರ ಸದ್ಯಕ್ಕೆ ಕಾಣುವುದಿಲ್ಲ.

ಇತ್ತೀಚಿನದು ಕ್ಯಾನ್ಸರ್ ಚಿಕಿತ್ಸೆ ನೆಕ್ಸ್‌ಕಾರ್19. ಐಐಟಿ ಬಾಂಬೆಯ ಲ್ಯಾಬ್, ಟಾಟಾ ಮೆಮೋರಿಯಲ್ ಆಸ್ಪತ್ರೆ, ಐಐಟಿಯೊಳಗೇ ಹುಟ್ಟಿದ ಇಮ್ಯುನೋಆಕ್ಟ್ ಕಂಪನಿ ಮೂರೂ ಸೇರಿದ ಕೆಲಸ. 2023ರ ಅಕ್ಟೋಬರ್‌ನಲ್ಲಿ ಅನುಮತಿ ಸಿಕ್ಕಿತು. ಇಲ್ಲಿ ಮಧ್ಯದ ಮೆಟ್ಟಿಲುಗಳನ್ನು ಹತ್ತಲು ಕಂಪನಿಯನ್ನು ಹುಡುಕಿಕೊಂಡು ಹೋಗಲಿಲ್ಲ, ಲ್ಯಾಬಿನವರೇ ಕಂಪನಿ ಕಟ್ಟಿದರು.

ಐಐಟಿ ಮದ್ರಾಸಿನ ರಿಸರ್ಚ್ ಪಾರ್ಕ್ ಇನ್ನೊಂದು ಬಗೆ. 2010ರಿಂದ ನಡೆಯುತ್ತಿದೆ. ಅಲ್ಲಿ ಜಾಗ ಪಡೆದ ಕಂಪನಿ ಬಾಡಿಗೆ ಕಟ್ಟಿ ಸುಮ್ಮನಿರುವ ಹಾಗಿಲ್ಲ. ಜಂಟಿ ಯೋಜನೆ, ಇಂಟರ್ನ್‌ಗಳು, ಪ್ರಾಧ್ಯಾಪಕರ ಸಲಹೆ ಹೀಗೆ ಒಡನಾಟಕ್ಕೆ ಅಂಕ ಗಳಿಸಬೇಕು. ನೆರೆಹೊರೆ ತಾನಾಗಿಯೇ ಸ್ನೇಹವಾಗುವುದಿಲ್ಲ ಎಂದು ಗೊತ್ತಿದ್ದವರು ಮಾಡಿದ ನಿಯಮ ಇದು.

ವಿರೋಧದ ಮಾತಲ್ಲೂ ಹುರುಳಿದೆ

ಕಂಪನಿಯ ಹಣ ಜಾಸ್ತಿಯಾದರೆ ಮಾರುಕಟ್ಟೆ ಇಲ್ಲದ ಪ್ರಶ್ನೆಗಳನ್ನು ಕೇಳುವವರು ಯಾರು ಎಂಬುದು ಹಲವು ವಿಜ್ಞಾನಿಗಳ ಆತಂಕ. ಬಡವರ ರೋಗ, ಮಳೆಯ ಲೆಕ್ಕ, ಶುದ್ಧ ಗಣಿತ ಯಾವುದಕ್ಕೂ ಗಿರಾಕಿ ಇರುವುದಿಲ್ಲ. ಉದ್ಯಮ ಕೊಡುವ ಹಣ ಸರ್ಕಾರದ ಹಣದ ಮೇಲೆ ಬಂದರೆ ಸರಿ, ಅದರ ಬದಲಿಗೆ ಬಂದರೆ ತೊಂದರೆ. ಎಎನ್‌ಆರ್‌ಎಫ್ ಲೆಕ್ಕದಲ್ಲಿ ಸರ್ಕಾರದ ಪಾಲು ಮೂರರಲ್ಲಿ ಒಂದಕ್ಕಿಂತ ಕಡಿಮೆ ಇರುವುದರಿಂದ ಈ ಆತಂಕವನ್ನು ತಳ್ಳಿಹಾಕುವಂತಿಲ್ಲ.

ಇನ್ನೊಂದು ಅಪಾಯ ಜನರನ್ನೇ ಕಳೆದುಕೊಳ್ಳುವುದು. 2015ರಲ್ಲಿ ಊಬರ್ ಕಂಪನಿ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ಜೊತೆ ಸಹಭಾಗಿತ್ವ ಘೋಷಿಸಿತು. ಕೆಲವೇ ತಿಂಗಳಲ್ಲಿ ಅಲ್ಲಿನ ರೋಬಾಟಿಕ್ಸ್ ಕೇಂದ್ರದ ಸುಮಾರು 40 ಮಂದಿ ಊಬರ್ ಸೇರಿದ್ದರು. ಸಂಬಳದ ಅಂತರ ದೊಡ್ಡದಿದ್ದಾಗ ಜಂಟಿ ಸಂಶೋಧನೆ ನೇಮಕಾತಿಯ ಸಂದರ್ಶನವಾಗಿಬಿಡಬಹುದು, ಅಲ್ವಾ? ಜನ ಎರಡೂ ಕಡೆ ಓಡಾಡುವ ಹಾಗಿರಬೇಕು. ಯುಜಿಸಿ 2022ರಲ್ಲಿ ತಂದ ಪ್ರೊಫೆಸರ್ ಆಫ್ ಪ್ರಾಕ್ಟೀಸ್ ವ್ಯವಸ್ಥೆ ಈ ದಿಕ್ಕಿನದು. 15 ವರ್ಷದ ಅನುಭವ ಇರುವವರು ಪಿಎಚ್‌ಡಿ ಇಲ್ಲದೆಯೂ ಕೆಲವು ವರ್ಷ ಪಾಠ, ಸಂಶೋಧನೆಗೆ ಬರಬಹುದು. ಪ್ರಾಧ್ಯಾಪಕರು ಕಂಪನಿಗೆ ಹೋಗಿ ಬರುವ ದಾರಿ ಮಾತ್ರ ಇನ್ನೂ ಕಿರಿದು.

ದೊಡ್ಡ ಪ್ರಶ್ನೆ ರಾಜ್ಯ ವಿಶ್ವವಿದ್ಯಾಲಯಗಳದು. ದೇಶದ ಬಹುಪಾಲು ವಿದ್ಯಾರ್ಥಿಗಳು ಓದುವುದು ಅಲ್ಲಿ ಮತ್ತು ಅವುಗಳ ಕಾಲೇಜುಗಳಲ್ಲಿ. ಸಣ್ಣ ಉದ್ಯಮಗಳಿಗೆ ಹತ್ತಿರ ಇರುವುದೂ ಅವೇ. ಬೋಧಕ ಹುದ್ದೆಗಳು ಖಾಲಿ, ಉಪಕರಣ ಹಳೆಯವು. ಎಎನ್‌ಆರ್‌ಎಫ್‌ನ ಪೇರ್ ಕಾರ್ಯಕ್ರಮ ಒಂದು ಬಲವಾದ ಸಂಸ್ಥೆಯ ಸುತ್ತ ಇಂಥ ಹಲವು ವಿಶ್ವವಿದ್ಯಾಲಯಗಳನ್ನು ಜೋಡಿಸಲು ನೋಡುತ್ತಿದೆ. ಜರ್ಮನಿ ಇದನ್ನು ಬೇರೆ ರೀತಿ ಬಿಡಿಸಿತು. 1949ರಲ್ಲಿ ಹುಟ್ಟಿದ ಫ್ರಾನ್‌ಹೋಫರ್ ಸಂಸ್ಥೆಗಳು ವಿಶ್ವವಿದ್ಯಾಲಯ ಮತ್ತು ಕಾರ್ಖಾನೆಯ ನಡುವೆ ನಿಲ್ಲುತ್ತವೆ. ಬಜೆಟ್‌ನ ಸರಿಸುಮಾರು ಮೂರನೇ ಒಂದು ಭಾಗ ಸರ್ಕಾರದ ಮೂಲ ಅನುದಾನ, ಉಳಿದದ್ದನ್ನು ಯೋಜನೆಗಳಿಂದ ದುಡಿಯಬೇಕು. ಸ್ವಂತ ಲ್ಯಾಬ್ ಇಲ್ಲದ ಮಧ್ಯಮ ಕಂಪನಿ ಬಾಗಿಲು ತಟ್ಟುವುದು ಅಲ್ಲಿ.

ಮುಂದೆ ಏನಾಗಬಹುದು

ಮಧ್ಯದ ಮೆಟ್ಟಿಲುಗಳಿಗೆ ಹಣ, ಜನ ಎರಡೂ ಬರದಿದ್ದರೆ ಆರ್‌ಡಿಐ ಸಾಲ ಆಗಲೇ ಲ್ಯಾಬ್ ಇರುವ ದೊಡ್ಡ ಕಂಪನಿಗಳಿಗೆ ಹೋಗುವ ಸಾಧ್ಯತೆ ಹೆಚ್ಚು. ನಿಧಿ ನಿರ್ವಾಹಕರಿಗೆ ಹಣ ವಾಪಸ್ ಬರಬೇಕು. ಅಪಾಯ ಕಡಿಮೆ ಇರುವ ಕಡೆ ಅವರು ಒಲಿಯುವುದು ಸಹಜ. ಹಾಗಾದರೆ ದೇಶದ ಸಂಶೋಧನಾ ಖರ್ಚಿನ ಅಂಕಿ ಏರುತ್ತದೆ, ವಿಶ್ವವಿದ್ಯಾಲಯಗಳ ಪಾಲು ಮಾತ್ರ ಶೇ 9 ದಾಟುವುದಿಲ್ಲ. ಬದಲಿಗೆ, ವಿಶ್ವವಿದ್ಯಾಲಯದ ಜೊತೆ ಕೆಲಸ ಮಾಡಿ ಬಂದ ಯೋಜನೆಗೆ ಬಡ್ಡಿ ಇನ್ನಷ್ಟು ಇಳಿಸುವುದೋ ಆಯ್ಕೆಯಲ್ಲಿ ಹೆಚ್ಚು ಅಂಕ ಕೊಡುವುದೋ ಆದರೆ ಕಂಪನಿಗಳೇ ಮೊದಲ ಮೆಟ್ಟಿಲಿಗೆ ಇಳಿದು ಬರುತ್ತವೆ.

ಖರ್ಚಿಲ್ಲದ ಇನ್ನೊಂದು ಕೆಲಸವೂ ಇದೆ. ಬ್ರಿಟನ್ ಸುಮಾರು 20 ವರ್ಷದ ಹಿಂದೆ ಲ್ಯಾಂಬರ್ಟ್ ಹೆಸರಿನ ಮಾದರಿ ಒಪ್ಪಂದಗಳ ಕಟ್ಟು ಹೊರತಂದಿತು. ಹಕ್ಕು ಯಾರಿಗೆ, ಬಳಕೆ ಯಾರಿಗೆ ಎಂಬುದಕ್ಕೆ ಕೆಲವು ಸಿದ್ಧ ಆಯ್ಕೆಗಳು, ಬೇಕಾದದ್ದನ್ನು ಆರಿಸಿ ಹೆಸರು ತುಂಬಿದರಾಯಿತು. ವಕೀಲರಿಗೆ ಸುರಿಯುವ ಹಣ ಇಲ್ಲದ ಸಣ್ಣ ಕಂಪನಿಗೂ, ಅನುಭವ ಇಲ್ಲದ ವಿಶ್ವವಿದ್ಯಾಲಯಕ್ಕೂ ಇದು ಸಮಾನ ನೆಲ. ಎಎನ್‌ಆರ್‌ಎಫ್‌ನ ಮೊದಲ ಐದು ವರ್ಷ 2028ಕ್ಕೆ ಮುಗಿಯುತ್ತದೆ. ಉದ್ಯಮ ಮತ್ತು ಇತರರಿಂದ ಬರಬೇಕಾದ 36,000 ಕೋಟಿಯಲ್ಲಿ ಎಷ್ಟು ಬಂತು ಎಂಬ ಲೆಕ್ಕ ಆಗ ಸಿಗುತ್ತದೆ. ಅಷ್ಟರೊಳಗೆ ಇಂಥ ಒಂದು ಕಟ್ಟನ್ನು ನಮ್ಮ ಕಾನೂನಿಗೆ ಹೊಂದಿಸಿ ಎಲ್ಲ ವಿಶ್ವವಿದ್ಯಾಲಯಗಳಿಗೂ ತಲುಪಿಸಲು ಹೊಸ ನಿಧಿಯೇನೂ ಬೇಕಿಲ್ಲ.